ನಮ್ಮ ಹಿತ್ತಲಿನ ಮೊದಲ ಬೆಳೆ

ಶಿವರಾತ್ರಿ ಕಳೆದರೆ ಸಾಕು, ಕೋಲಾರದ ಬಿಸಿಲು ದಿನದಿನಕ್ಕೂ ಏರುತ್ತದೆ. ನಮ್ಮ ಹಿತ್ತಲಿನದು ಕೆಂಪು ಮಣ್ಣು. ಒಣಗಿತೆಂದರೆ ಗುದ್ದಲಿ ಏಟಿಗೆ ಟಣ್ ಅನ್ನುತ್ತದೆ. ಅದಕ್ಕೇ ಹಿಂದಿನ ಸಂಜೆಯೇ ಹತ್ತು ಬಿಂದಿಗೆ ನೀರು ಸುರಿದು ನೆನೆಸಿಟ್ಟಿದ್ದೆ. ತರಕಾರಿ ಪಾತಿಗೆ ಜಾಗ ಅಂದರೆ ಎಷ್ಟು? 10 ಅಡಿ ಉದ್ದ, 8 ಅಡಿ ಅಗಲ. ಒಂದು ಭಾನುವಾರದ ಕೆಲಸ ಅಂದುಕೊಂಡೆ.

ಅರ್ಧ ಅಡಿ ಅಗೆಯುವಷ್ಟರಲ್ಲಿ ಜಲ್ಲಿ, ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು ಎಲ್ಲ ಬಂತು. ಮನೆ ಕಟ್ಟಿದ ಮೇಸ್ತ್ರಿ ಮಿಕ್ಕಿದ್ದನ್ನೆಲ್ಲ ಅಲ್ಲೇ ಹೂತು, ಮೇಲಷ್ಟು ಮಣ್ಣು ಎಳೆದು, "ನೀಟಾಗಿ ಲೆವೆಲ್ ಮಾಡಿದ್ದೀನಿ ಮೇಡಂ" ಅಂದು ಹೋಗಿದ್ದರು. ಏಳು ಬಾಣಲಿ ಹೊತ್ತು ಹಾಕಿದೆ.

ಜಲ್ಲಿಯಾದರೂ ವಾಸಿ, ಎತ್ತಿದರೆ ಮುಗಿಯಿತು. ಜೇಕಿನ ಕಳೆ ಹಾಗಲ್ಲ. ಮೇಲಿನ ಹುಲ್ಲು ಕಿತ್ತರೆ ಸಾಲದು. ಕೆಳಗೆ ಗೆಡ್ಡೆಗಳು ಮಣಿಸರದ ಹಾಗೆ ಒಂದಕ್ಕೊಂದು ಪೋಣಿಸಿಕೊಂಡಿರುತ್ತವೆ. ಗುದ್ದಲಿ ತಗುಲಿ ಸರ ತುಂಡಾದರೆ ಒಂದೊಂದು ಗೆಡ್ಡೆಯೂ ಬೇರೆಯಾಗಿ ಚಿಗುರುತ್ತದೆ. ಕುಕ್ಕರುಗಾಲಲ್ಲಿ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಆರಿಸಿದೆ. ಮಧ್ಯಾಹ್ನದ ಹೊತ್ತಿಗೆ ಸೊಂಟ ನನ್ನ ಮಾತು ಕೇಳುತ್ತಿರಲಿಲ್ಲ.

ಸಂಜೆ ನಾಲ್ಕು ಮಂಕರಿ ಸಗಣಿ ಗೊಬ್ಬರ ತರಿಸಿ, ಎರಡನ್ನು ಪಾತಿಗೆ ಬೆರೆಸಿಯೂ ಆಗಿತ್ತು. ಆಗ ಪಕ್ಕದ ಮನೆ ತಾತ ಕಾಂಪೌಂಡ್ ಮೇಲಿಂದ ಇಣುಕಿದರು. ಒಂದು ಕಾಲಕ್ಕೆ ಹಿಪ್ಪುನೇರಳೆ ತೋಟ ಮಾಡಿದವರು.

"ಆ ರಾಶಿ ಒಳಗೆ ಕೈ ಇಟ್ಟು ನೋಡಮ್ಮ."

ಇಟ್ಟೆ. ಆಗ ತಾನೇ ಇಳಿಸಿದ ಮುದ್ದೆಯಂತೆ ಬಿಸಿ!

"ಇನ್ನೂ ಕಳಿತಿಲ್ಲ. ಈಗ ಸಸಿ ಇಟ್ಟರೆ ಬೇರು ಸುಟ್ಟು ಹೋಗ್ತವೆ. ಗೆದ್ದಲು, ಗೊಣ್ಣೆ ಹುಳ ಎಲ್ಲಾ ನೆಂಟರ ಥರ ಬರ್ತವೆ. ತಣ್ಣಗಾಗಿ, ಕಪ್ಪಗಾಗಿ, ವಾಸನೆ ಹೋಗಿ ಪುಡಿಪುಡಿ ಆಗಬೇಕು."

ಬೆರೆಸಿದ್ದನ್ನು ಮತ್ತೆ ಕೆರೆದು ತೆಗೆಯುವಾಗ ಅಳು ಬರುವುದೊಂದು ಬಾಕಿ. ಗೊಬ್ಬರವನ್ನು ನೆರಳಲ್ಲಿ ಗುಡ್ಡೆ ಮಾಡಿ, ನೀರು ಚಿಮುಕಿಸಿ, ಗೋಣಿಚೀಲ ಹೊದಿಸಿದೆ. ವಾರಕ್ಕೊಮ್ಮೆ ತಿರುವಿ ಹಾಕಬೇಕಂತೆ. ಬುದ್ಧಿವಂತೆ ನಾನು, ಟೊಮ್ಯಾಟೊ ಸಸಿ ಮೊದಲೇ ತಂದಿದ್ದೆ! ಅವು ಸದ್ಯಕ್ಕೆ ಹಳೆ ಪೇಂಟ್ ಡಬ್ಬಗಳಿಗೆ ಹೋದವು. ತಳಕ್ಕೆ ತೂತು ಹೊಡೆಯಲು ಮೊಳೆ ಹುಡುಕಿದ್ದೇ ಅರ್ಧ ಗಂಟೆ.

ಅಗೆದ ಮಣ್ಣು ಸುಮ್ನೆ ಬಿಸಿಲು ಕಾಯಿತು. ಯುಗಾದಿಗೆ ನಾಲ್ಕು ದಿನ ಇರುವಾಗ ಒಂದು ಜೋರು ಮಳೆ ಹೊಯ್ದಿತು. ಹಬ್ಬದ ಬೆಳಿಗ್ಗೆ ಮಾವಿನೆಲೆ ಕಟ್ಟಿ ಹಿತ್ತಲಿಗೆ ಹೋದರೆ, ಪಾತಿ ತುಂಬ ಹಸಿರು ಮೊಳಕೆ. ಬಗ್ಗಿ ನೋಡಿದೆ. ಜೇಕು.

ಬೇವು ಬೆಲ್ಲ ಕೊಡಲು ಹೋದಾಗ ಹೇಳಿದೆ. ತಾತ ಬಾಯಿಗೆ ಹಾಕಿಕೊಂಡು ನಕ್ಕರು. "ನಿನ್ನ ಮೊದಲನೇ ಬೆಳೆ ಬಂತಲ್ಲಮ್ಮ. ನಾಳೆ ಕೊಯ್ಲು ಮಾಡು."