ನಾರುವ ಬಕೆಟ್ಟಿಗೂ ಒಂದು ಮೇಜು ಬೇಕು

ಭಾನುವಾರ, 9 ಫೆಬ್ರವರಿ 2025, ರಾತ್ರಿ

ಕೈತೋಟ, ಮನೆಗೊಬ್ಬರದ ಮೇಳ ಮುಗಿಯಿತು. ಮೇಜುಗಳು ವಾಪಸು ಹೋದವು, ಬಟ್ಟೆಯ ಬ್ಯಾನರು ಮಡಚಿ ಚೀಲ ಸೇರಿತು. ಜನ ಚೆನ್ನಾಗಿಯೇ ಬಂದರು, ಮಕ್ಕಳು ಎರೆಹುಳು ಮುಟ್ಟಿ ಕಿರುಚಿದರು, ಬೀಜದ ಪೊಟ್ಟಣಗಳು ಮಧ್ಯಾಹ್ನಕ್ಕೇ ಖಾಲಿ. ಅದನ್ನೆಲ್ಲ ಬರೆಯಲು ಕೂತಿಲ್ಲ. ಆ ಬಕೆಟ್ಟು ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಎರಡು ಗಂಟೆಯ ಹೊತ್ತಿಗೆ ಗೊಬ್ಬರದ ಮೇಜಿನ ಮುಂದೆ ಜನ ಕಡಿಮೆಯಾಗಿದ್ದರು. ಒಬ್ಬ ಅಮ್ಮ, ಅರವತ್ತು ದಾಟಿರಬೇಕು, ಆಗಿನಿಂದ ಅಷ್ಟು ದೂರದಲ್ಲಿ ನಿಂತು ನೋಡುತ್ತಿದ್ದವರು, ಎದುರಿಗೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಹತ್ತಿರ ಬಂದರು. ಕೈಯಲ್ಲಿ ಎರಡು ಚೀಲ ಸುತ್ತಿದ 20 ಲೀಟರಿನ ಬಕೆಟ್ಟು. ಮೇಜಿನ ಮೇಲಿಡಲಿಲ್ಲ. ಬಗ್ಗಿ ಮೇಜಿನ ಅಡಿಗೆ ಸರಿಸಿದರು.

“ಮುಚ್ಚಳ ತೆಗೀಲಾ? ವಾಸನೆ ಬರತ್ತೆ. ಬೇಡ ಅಂದ್ರೆ ಹಾಗೇ ತಗೊಂಡು ಹೋಗ್ತೀನಿ.”

“ತೆಗೀರಿ ಅಮ್ಮಾ. ಏನಾಗಿದೆ ಅಂತ ವಾಸನೆಯಿಂದಲೇ ಗೊತ್ತಾಗೋದು.”

ತೆಗೆದರು. ಕೊಳೆತ ಮೊಟ್ಟೆಯ ವಾಸನೆ, ಅದರ ಹಿಂದೆ ಒಂದು ಹುಳಿ ನಾತ. ಒಳಗೆ ಅರ್ಧ ಬಕೆಟ್ಟು ಕಪ್ಪು ರಾಡಿ. ಓರೆ ಮಾಡಿದರೆ ಒಂದು ಮೂಲೆಯಲ್ಲಿ ನೀರು ಕೂಡಿಕೊಳ್ಳುತ್ತಿತ್ತು. ಮೂರು ತಿಂಗಳ ತರಕಾರಿ ಸಿಪ್ಪೆಯಂತೆ. ಬೇರೆ ಏನೂ ಹಾಕಿಲ್ಲ. ಬಕೆಟ್ಟಿಗೆ ಒಂದೂ ತೂತಿಲ್ಲ. ವಾಸನೆ ಬರಬಾರದೆಂದು ಮುಚ್ಚಳ ಗಟ್ಟಿಯಾಗಿ ಒತ್ತಿಟ್ಟಿದ್ದಾರೆ. ಒಣಗಬಾರದೆಂದು ಎರಡು ದಿನಕ್ಕೊಮ್ಮೆ ಒಂದು ಲೋಟ ನೀರು ಬೇರೆ.

ಒಂದೊಂದೂ ಅಕ್ಕರೆಯಿಂದ ಮಾಡಿದ ಕೆಲಸ, ಒಂದೊಂದೂ ತಪ್ಪು. ಯಾಕೆ ತಪ್ಪು ಅಂತ ಅವರಿಗೆ ಯಾರೂ ಹೇಳಿಲ್ಲ, ಅಷ್ಟೇ. ಸಿಪ್ಪೆಯಲ್ಲಿ ನೂರಕ್ಕೆ ಎಂಬತ್ತರಿಂದ ತೊಂಬತ್ತು ಪಾಲು ನೀರೇ. ಕೊಳೆಯಲು ಶುರುವಾದ ಕೂಡಲೇ ಆ ನೀರು ಹೊರಗೆ ಬರುತ್ತದೆ. ಹರಿದು ಹೋಗಲು ದಾರಿ ಇಲ್ಲದಿದ್ದರೆ ಚೂರುಗಳ ನಡುವಿನ ಸಂದಿಗಳೆಲ್ಲ ತುಂಬಿಕೊಂಡು ಗಾಳಿ ನಿಲ್ಲುತ್ತದೆ. ಗಾಳಿ ಬೇಕಾದ ಸೂಕ್ಷ್ಮಜೀವಿಗಳು ಸಾಯುತ್ತವೆ, ಗಾಳಿ ಬೇಡದವು ಹೆಚ್ಚುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅವು ಬಿಡುವ ಹೈಡ್ರೋಜನ್ ಸಲ್ಫೈಡಿನದು, ಹುಳಿ ನಾತ ಅವು ಮಾಡುವ ಆಮ್ಲಗಳದು. ಮೂಗಿಗೆ ಘಾಟು ಹೊಡೆದು ಕಣ್ಣು ಉರಿದರೆ ಅದು ಅಮೋನಿಯಾ, ಕಥೆಯೇ ಬೇರೆ: ಗಾಳಿ ಇದೆ, ಆದರೆ ಸಾರಜನಕ ಅತಿಯಾಗಿದೆ, ಒಣ ವಸ್ತು ಸಾಲದು.

“ಎಷ್ಟು ಒಣದ್ದು ಹಾಕಬೇಕು?” ಅಂದರು. ಇದನ್ನು ಯಾವ ಭಿತ್ತಿಪತ್ರದಲ್ಲೂ ಸರಿಯಾಗಿ ಬರೆದಿರುವುದಿಲ್ಲ. “ಹಸಿ ಮತ್ತು ಒಣ ಸಮತೋಲನದಲ್ಲಿರಲಿ” ಎಂದು ಬರೆದು ಒಂದು ಹಸಿರು ಎಲೆ, ಒಂದು ಕಂದು ಎಲೆ ಬಿಡಿಸಿರುತ್ತಾರೆ. ಅಳತೆ ಎಲ್ಲಿ? ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಅದರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಉಸಿರಾಟಕ್ಕೇ ಖರ್ಚು, ಉಳಿದದ್ದು ಮೈ ಬೆಳೆಸಲು. ತರಕಾರಿ ಸಿಪ್ಪೆಯಲ್ಲಿ ಇಂಗಾಲ ಸುಮಾರು 15ರಿಂದ 20 ಪಾಲು ಇದೆ. ಒಣಗಿ ಉದುರಿದ ಎಲೆಯಲ್ಲಿ 40ರಿಂದ 80, ಮರವನ್ನು ನೋಡಿಕೊಂಡು. ರಟ್ಟಿನಲ್ಲಿ 300ಕ್ಕೂ ಮೇಲೆ. ಮನೆಯಲ್ಲಿ ಯಾರೂ ತೂಗಿ ಲೆಕ್ಕ ಹಾಕುವುದಿಲ್ಲ, ಹಾಕಲೂ ಬೇಕಿಲ್ಲ. ಅಳತೆಯ ಡಬ್ಬ ಒಂದೇ ಇಟ್ಟುಕೊಂಡು, ಒಂದು ಡಬ್ಬ ಸಿಪ್ಪೆಗೆ ಎರಡರಿಂದ ಮೂರು ಡಬ್ಬ ಪುಡಿ ಮಾಡಿದ ತರಗೆಲೆ. ಸಿಪ್ಪೆ ಕಣ್ಣಿಗೆ ಕಾಣಬಾರದು, ಮೇಲೆ ಯಾವಾಗಲೂ 5 ಸೆಂಟಿಮೀಟರ್ ಒಣ ಹೊದಿಕೆ. ಹಣ್ಣಿನ ನೊಣ ಬರುವುದು ಈ ಹೊದಿಕೆ ಇಲ್ಲದ ಕಡೆ.

ಅವರ ಬಕೆಟ್ಟನ್ನು ಸರಿಮಾಡುವ ಬಗೆ ಅಲ್ಲೇ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾಯಿತು. ಅದೇ ತೊಂದರೆ ಇರುವ ಇನ್ನಾರಿಗಾದರೂ ಬೇಕಾಗಬಹುದು, ಇಲ್ಲಿಯೂ ಇರಲಿ.

ಮೊದಲು ನೀರು ಬಸಿಯಿರಿ. ಆ ನೀರನ್ನು “ದ್ರವ ಗೊಬ್ಬರ” ಎಂದು ಕುಂಡಕ್ಕೆ ಸುರಿಯಬೇಡಿ. ಗಾಳಿಯಿಲ್ಲದೆ ಕೊಳೆತ ನೀರಿನಲ್ಲಿ ಬೇರು ಸುಡುವ ಆಮ್ಲಗಳಿರುತ್ತವೆ, ರೋಗಾಣುಗಳೂ ಇರಬಹುದು. ಏನೂ ಬೆಳೆಯದ ಜಾಗದಲ್ಲಿ ಗುಂಡಿ ತೋಡಿ ಸುರಿದು ಮಣ್ಣು ಮುಚ್ಚಿ. ರಾಡಿಯನ್ನು ಒಂದು ಹಾಳೆಯ ಮೇಲೆ ಹರವಿ, ಅದು ಎಷ್ಟಿದೆಯೋ ಅಷ್ಟೇ ಪ್ರಮಾಣದ ಹರಿದ ರಟ್ಟು ಮತ್ತು ತರಗೆಲೆ ಸೇರಿಸಿ ಕೆದಕಿ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಧಾರೆ ಇಳಿದರೆ ಇನ್ನೂ ಒಣದ್ದು ಬೇಕು. ಒಂದೆರಡು ಹನಿ ಮಾತ್ರ ಬಂದು, ಮುಷ್ಟಿ ಬಿಚ್ಚಿದಾಗ ಉಂಡೆ ನಿಂತು, ಬೆರಳಲ್ಲಿ ತಟ್ಟಿದರೆ ಒಡೆದರೆ ಸರಿ. ಆಗ ತೇವ ನೂರಕ್ಕೆ ಐವತ್ತರಿಂದ ಅರವತ್ತರ ಆಸುಪಾಸು ಇರುತ್ತದೆ.

ಈ ನಡುವೆ ಬಕೆಟ್ಟು ತೊಳೆದು ತೂತು ಹೊಡೆಯಿರಿ. 6 ಮಿಲಿಮೀಟರಿನ ಡ್ರಿಲ್ ಮೊನೆ ಸಾಕು. ತಳಕ್ಕೆ ಹದಿನೈದು, ಸುತ್ತ ಮೂರು ಸಾಲು, ತೂತಿನಿಂದ ತೂತಿಗೆ 10 ಸೆಂಟಿಮೀಟರ್. ಒಳಗಿನಿಂದ ನೊಣದ ಬಲೆ ಅಂಟಿಸಿದರೆ ಒಳ್ಳೆಯದು. ಎರಡು ಇಟ್ಟಿಗೆಯ ಮೇಲಿಟ್ಟು ಅಡಿಗೊಂದು ತಟ್ಟೆ. ನೆಲಕ್ಕೆ ತಾಗಿಸಿ ಇಟ್ಟರೆ ತಳದ ತೂತು ಇದ್ದೂ ಇಲ್ಲದ ಹಾಗೆ. ಒಳಗೆ ತಳದಲ್ಲಿ ನಾಲ್ಕು ಬೆರಳು ದಪ್ಪ ಸಣ್ಣ ಕಡ್ಡಿಗಳು, ಆಮೇಲೆ ಕಲಸಿದ್ದು. ಮೊದಲ ವಾರ ದಿನ ಬಿಟ್ಟು ದಿನ ತಳದವರೆಗೂ ಕೆದಕಬೇಕು, ಮುಂದೆ ವಾರಕ್ಕೆ ಎರಡು ಸಲ. ಗಾಳಿ ಆಡತೊಡಗಿದರೆ ನಾತ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ವಾರ ಕಳೆದರೂ ಇಳಿಯದಿದ್ದರೆ ನಡುವೆ ಎಲ್ಲೋ ರಾಡಿಯ ಉಂಡೆ ಒಡೆಯದೆ ಉಳಿದಿದೆ ಎಂದೇ ಅರ್ಥ.

“ಯಾವುದೋ ಪುಡಿ ಹಾಕಬೇಕಂತೆ, ಅದನ್ನ ತಗೊಳ್ಳೋಕಾ?” ಎಂದು ಕೇಳಿದರು. ಬೇಡ. ಸೂಕ್ಷ್ಮಜೀವಿಗಳು ಸಿಪ್ಪೆಯ ಮೇಲೆ, ಎಲೆಯ ಮೇಲೆ, ಮಣ್ಣಲ್ಲಿ ಬೇಕಾದಷ್ಟಿವೆ. ಅವಕ್ಕೆ ಉಸಿರಾಡಲು ಜಾಗ ಮಾಡಿಕೊಡದೆ ಹೊಸದಾಗಿ ಇನ್ನಷ್ಟನ್ನು ತಂದು ಸುರಿದರೆ ಅವೂ ಅದೇ ರಾಡಿಯಲ್ಲಿ ಸಾಯುತ್ತವೆ. ತಯಾರಾದ ಗೊಬ್ಬರ ಎರಡು ಹಿಡಿ ಹಾಕಿ, ಸಾಕು. ಅವರ ಚೀಲಕ್ಕೆ ನಮ್ಮ ಗಾಜಿನ ಜಾಡಿಯಿಂದಲೇ ಎರಡು ಹಿಡಿ ಹಾಕಿಕೊಟ್ಟೆವು.

ಆಮೇಲೆ ಬಹಳ ಮೆಲ್ಲಗೆ, ಬೇರೆಯವರಿಗೆ ಕೇಳಬಾರದೆನ್ನುವ ಹಾಗೆ, “ಹುಳ ಬಿದ್ದಿದಾವೆ” ಅಂದರು. ಮುಚ್ಚಳದ ಒಳಬದಿಯಲ್ಲಿ ನಾಲ್ಕೈದು ಹುಳು ಅಂಟಿಕೊಂಡಿದ್ದವು. ಎರಡು ಸೆಂಟಿಮೀಟರ್ ಉದ್ದ, ಕಂದು, ಚಪ್ಪಟೆ ಮೈ, ಗೆರೆಗೆರೆ ಉಂಗುರ. ಕಪ್ಪು ಸೈನಿಕ ನೊಣದ ಮರಿಹುಳು. ಮನೆನೊಣದ ಮರಿ ಇಷ್ಟು ದೊಡ್ಡದಾಗುವುದಿಲ್ಲ, ಬಿಳಿ, ನುಣುಪು, ಒಂದು ತುದಿ ಚೂಪು. ಸೈನಿಕ ನೊಣ ಕಚ್ಚುವುದಿಲ್ಲ, ನಮ್ಮ ತಟ್ಟೆಯ ಮೇಲೆ ಬಂದು ಕೂರುವ ಅಭ್ಯಾಸವೂ ಅದಕ್ಕಿಲ್ಲ. ಮರಿಗಳು ಸಿಪ್ಪೆಯನ್ನು ಬಲು ಬೇಗ ತಿಂದು ಮುಗಿಸುತ್ತವೆ. ತೇವ ಇಳಿದರೆ ತಾವಾಗಿ ಕಡಿಮೆಯಾಗುತ್ತವೆ. ಇಷ್ಟು ಹೇಳಿದ ಮೇಲೆ ಅವರು ಮೊದಲ ಸಲ ತಲೆಯೆತ್ತಿ ನೋಡಿದರು.

“ಮಗಳು ಇವತ್ತೇ ಇದನ್ನ ಹೊರಗೆ ಹಾಕು ಅಂದಿದ್ಲು. ಇಲ್ಲಿಗೆ ಬಂದು ನೋಡಿದ್ರೆ ಎಲ್ಲರದ್ದೂ ಚೆಂದ ಇದೆ. ನನ್ನದೊಂದೇ ಹಿಂಗಾಗಿದೆ ಅಂದ್ಕೊಂಡೆ.”

ಇದೇ ಮಾತು ಈಗಲೂ ಕಿವಿಯಲ್ಲಿದೆ. ಮೇಜಿನ ಮೇಲೆ ಏನಿತ್ತು? ಜರಡಿ ಹಿಡಿದ, ಕಾಡಿನ ಮಣ್ಣಿನ ವಾಸನೆಯ ಗೊಬ್ಬರ, ಗಾಜಿನ ಜಾಡಿಗಳಲ್ಲಿ. ಎರಡನೆಯ ವಾರದ ಬಕೆಟ್ಟು ಇರಲಿಲ್ಲ. ಆರನೆಯ ವಾರದ್ದಿರಲಿಲ್ಲ. ಕೆಟ್ಟದ್ದಂತೂ ಒಂದೂ ಇರಲಿಲ್ಲ. ಶುರುಮಾಡಿ ಕೈಬಿಡುವವರು ಗೊಬ್ಬರದಲ್ಲಿ ಆಸಕ್ತಿ ಹೋಗಿ ಬಿಡುವುದಲ್ಲ, ಮೂರನೆಯ ವಾರದ ನಾತಕ್ಕೆ ಹೆದರಿ ಬಿಡುತ್ತಾರೆ. ಆ ನಾತ ಎಲ್ಲರ ಮನೆಗೂ ಒಮ್ಮೆ ಬಂದೇ ಬರುತ್ತದೆಂದು ಮೇಳದಲ್ಲಿ ತೋರಿಸದಿದ್ದರೆ ಇನ್ನೆಲ್ಲಿ ತೋರಿಸುವುದು?

ಲೋಟಗಳ ವಿಷಯ. ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ. ಹೊರಗಿನಿಂದ ತರಿಸಿದ ಪಾನೀಯದ ಲೋಟಗಳ ಮೇಲೆ “ಗೊಬ್ಬರವಾಗುತ್ತದೆ” ಎಂದು ಹಸಿರು ಅಚ್ಚು. ಜನ ನಂಬಿ ನಮ್ಮ ಗೊಬ್ಬರದ ಡಬ್ಬಕ್ಕೇ ಹಾಕಿದರು, ಸಂಜೆ ಒಂದೊಂದಾಗಿ ಆರಿಸಿ ತೆಗೆಯಬೇಕಾಯಿತು. ಅವರ ತಪ್ಪಲ್ಲ. ಅವು ಪಿಎಲ್‌ಎ ಲೋಟಗಳು, ಅಂದರೆ ಜೋಳದಂಥ ಬೆಳೆಯಿಂದ ಮಾಡಿದ ಪ್ಲಾಸ್ಟಿಕ್. ಇಂಥ ಮುದ್ರೆಗೆ ಆಧಾರವಾಗುವ ಮಾನದಂಡಗಳಲ್ಲಿ ಒಂದಾದ ಯುರೋಪಿನ ಇಎನ್ 13432 ಕಾರ್ಖಾನೆ ಪ್ರಮಾಣದ ಗೊಬ್ಬರ ಘಟಕಕ್ಕೆ ಮಾಡಿದ್ದು. ಬಿಸಿಯೇರಿದ ರಾಶಿಯಲ್ಲಿ 12 ವಾರ ಇಟ್ಟ ಮೇಲೆ 2 ಮಿಲಿಮೀಟರ್ ಜರಡಿಯ ಮೇಲೆ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಉಳಿಯಬಾರದು. ಮನೆಯ 20 ಲೀಟರಿನ ಬಕೆಟ್ಟಿಗೆ ಆ ಬಿಸಿ ಎಲ್ಲಿಂದ ಬರಬೇಕು? ಹುಟ್ಟಿದ ಬಿಸಿಯೆಲ್ಲ ಗೋಡೆಯ ಮೂಲಕವೇ ಹೋಗುತ್ತದೆ. ರಾಶಿ ಉದ್ದ, ಅಗಲ, ಎತ್ತರ ಒಂದೊಂದು ಮೀಟರ್ ಆದರೂ ಇದ್ದರೆ ಮಾತ್ರ 55, 60 ಡಿಗ್ರಿ ನಿಲ್ಲುವುದು. ಅದಕ್ಕೇ ಬಕೆಟ್ಟಿಗೆ ಕಳೆಯ ಬೀಜ, ರೋಗದ ಗಿಡ ಹಾಕಬೇಡಿ ಎನ್ನುವುದು. ಸಾಯುವುದಿಲ್ಲ, ಗೊಬ್ಬರದ ಜೊತೆ ಮತ್ತೆ ಕುಂಡಕ್ಕೆ ಬರುತ್ತವೆ. ಮುಂದಿನ ಸಲ ತೊಳೆದು ಬಳಸುವ ಸ್ಟೀಲ್ ಲೋಟವೇ ಆಗಬೇಕು. ತೊಳೆಯುವವರು ಯಾರು ಎಂಬ ಪ್ರಶ್ನೆಗೆ ಸಭೆಯಲ್ಲಿ ಮೊದಲೇ ಉತ್ತರ ಸಿಗಬೇಕು.

ಬೀಜದ ಮೇಜು ಚೆನ್ನಾಗಿತ್ತು. ಒಂದೇ ಕೊರತೆ, ಅರ್ಧದಷ್ಟು ಪೊಟ್ಟಣಗಳ ಮೇಲೆ ವರ್ಷ ಇಲ್ಲ. ಈರುಳ್ಳಿ ಬೀಜ ಒಂದೆರಡು ವರ್ಷಕ್ಕೇ ಸೋಲುತ್ತದೆ, ಟೊಮೇಟೊ ನಾಲ್ಕು ವರ್ಷ ಬಾಳುತ್ತದೆ. ವರ್ಷ ಬರೆಯದಿದ್ದರೆ ಒಯ್ದವರು ಒದ್ದೆ ಕಾಗದದಲ್ಲಿ ಹತ್ತು ಬೀಜ ಸುತ್ತಿ ಹತ್ತು ದಿನ ಕಾದೇ ತಿಳಿಯಬೇಕು. ಕುಂಬಳದ ಬೀಜ ತಂದಿದ್ದವರನ್ನು, ಪಕ್ಕದಲ್ಲಿ ಬೇರೆ ಕುಂಬಳ ಇತ್ತೇ ಎಂದು ಕೇಳಲೇಬೇಕಿತ್ತು. ಜೇನ್ನೊಣ ಎರಡು ತಳಿ ಬೆರೆಸಿದ್ದರೆ ಬೀಜ ನೋಡಿ ಗೊತ್ತಾಗುವುದಿಲ್ಲ, ಬೆಳೆದ ಕಾಯಿ ನೋಡಿದಾಗಲೇ. ಹುರುಳಿಕಾಯಿಗೆ ಈ ಚಿಂತೆ ಕಡಿಮೆ, ಅದರ ಹೂವು ತನ್ನಲ್ಲೇ ಪರಾಗ ಮುಗಿಸಿಕೊಳ್ಳುತ್ತದೆ.

ಮತ್ತೆ ಅದೇ ಯೋಚನೆ. ಮುಂದಿನ ಮೇಳದಲ್ಲಿ ಪ್ರವೇಶದ ಹತ್ತಿರವೇ ಒಂದು ಮೇಜು, ಕೆಟ್ಟವುಗಳಿಗೆ. ಯಾರು ಬೇಕಾದರೂ ತಮ್ಮದನ್ನು ತಂದಿಡಬಹುದು, ಪಕ್ಕದಲ್ಲಿ ಕಾರಣ ಬರೆದ ರಟ್ಟು. ನಾರುವ ಬಕೆಟ್ಟು ಒಂದು. ಅದರ ಪಕ್ಕ ಇದಕ್ಕೆ ತದ್ವಿರುದ್ಧ, ಆರು ತಿಂಗಳಾದರೂ ಏನೂ ಆಗದ ಬಕೆಟ್ಟು: ಬರೀ ಮರದ ಹೊಟ್ಟು, ಒಂದು ಪಾಲು ಸಾರಜನಕಕ್ಕೆ ಇಂಗಾಲ 400 ಪಾಲಿನ ಸುಮಾರು, ತೇವವೂ ಇಲ್ಲ. ತುದಿ ಕಪ್ಪಾಗಿ ಒಳಸೇರಿದ ಟೊಮೇಟೊ, ಕಾಯಿಯ ತುದಿಗೆ ಸುಣ್ಣಾಂಶ (ಕ್ಯಾಲ್ಸಿಯಂ) ಸಿಗದೆ ಆಗುವುದು. ಇದಕ್ಕೆ ಮೊಟ್ಟೆಯ ಚಿಪ್ಪು ಪುಡಿ ಮಾಡಿ ಹಾಕಿ ಎಂದು ಇವತ್ತೂ ಒಂದು ಫಲಕದಲ್ಲಿತ್ತು. ಚಿಪ್ಪು ಕರಗಲು ಕಾಲ ಹಿಡಿಯುತ್ತದೆ, ಮೇಲಾಗಿ ಸಾಮಾನ್ಯವಾಗಿ ಮಣ್ಣಲ್ಲಿ ಸುಣ್ಣಾಂಶ ಇರುತ್ತದೆ. ಒಂದು ದಿನ ಒಣಗಿಸಿ ಮರುದಿನ ಮುಳುಗಿಸಿದರೆ ಅದು ಕಾಯಿಯ ತುದಿಗೆ ತಲುಪುವುದಿಲ್ಲ. ಬೇಕಾದದ್ದು ಒಂದೇ ಸಮ ನೀರು, ಬುಡಕ್ಕೆ ಒಣ ಹೊದಿಕೆ.

ಬೇವಿನ ಎಣ್ಣೆ ಹೊಡೆದು ಸುಟ್ಟ ಎಲೆಗಳು. ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಎಣ್ಣೆ, ಅದನ್ನು ಬೆರೆಸಲು ಒಂದೆರಡು ಮಿಲಿಲೀಟರ್ ಸೌಮ್ಯ ದ್ರವ ಸೋಪು. ಪಾತ್ರೆ ತೊಳೆಯುವ ಡಿಟರ್ಜೆಂಟ್ ಹಾಕಿದರೆ ಎಲೆಯ ಮೇಲಿನ ಮೇಣ ಕಿತ್ತುಬರುತ್ತದೆ, ಮಧ್ಯಾಹ್ನದ ಬಿಸಿಲಲ್ಲಿ ಹೊಡೆದರೆ ಕೇಳುವುದೇ ಬೇಡ. ಮೊದಲು ಒಂದು ಎಲೆಗೆ ಹೊಡೆದು ಒಂದು ದಿನ ಕಾಯಬೇಕು, ಆಮೇಲೆ ಸಂಜೆ, ಜೇನ್ನೊಣಗಳು ಹೋದ ಮೇಲೆ.

ಎರೆಹುಳು ಸತ್ತ ಪೆಟ್ಟಿಗೆ. ತೋಟ ಅಗೆದಾಗ ಸಿಕ್ಕ ಹುಳುವನ್ನು ತಂದು ಬಿಟ್ಟಿರುತ್ತಾರೆ. ಅದು ಮಣ್ಣಿನಾಳದ ಜೀವಿ, ಪೆಟ್ಟಿಗೆಯಲ್ಲಿ ಬಾಳದು. ಬೇಕಾದದ್ದು ಮೇಲ್ಪದರದಲ್ಲಿ ತರಗೆಲೆಯ ನಡುವೆ ಇರುವ ಕೆಂಪು ಹುಳು, ಐಸೀನಿಯಾ ಫೆಟಿಡಾ, ಅದಕ್ಕೂ ಹಿತ 15ರಿಂದ 25 ಡಿಗ್ರಿ. ಸಿಪ್ಪೆಯನ್ನು ದಪ್ಪವಾಗಿ ಸುರಿದರೆ ಅದೇ ಬಿಸಿಯಾಗಿ ಹುಳು ಬೇಯುತ್ತವೆ.

ಇನ್ನೊಂದು ಕುಂಡ, ಅದು ಎಲ್ಲಕ್ಕಿಂತ ಮುಖ್ಯ. ಮುದುಡಿ ಸುರುಳಿಯಾದ ಹುರುಳಿಕಾಯಿ ಸಸಿ. ಸಗಣಿ ಗೊಬ್ಬರ ನೋಡಲು ಚೆನ್ನಾಗಿಯೇ ಇರುತ್ತದೆ. ದನ ತಿಂದ ಹುಲ್ಲಿಗೆ ಅಮಿನೋಪೈರಲಿಡ್ ಅಥವಾ ಕ್ಲೋಪೈರಲಿಡ್ ಕಳೆನಾಶಕ ಹೊಡೆದಿದ್ದರೆ ಅದು ಹೊಟ್ಟೆಯಲ್ಲೂ ಕರಗುವುದಿಲ್ಲ, ಗೊಬ್ಬರದ ಗುಂಡಿಯಲ್ಲೂ ಬೇಗ ಹೋಗುವುದಿಲ್ಲ. ಕೊಳ್ಳುವ ಮೊದಲು ಮೂರು ಕುಂಡಕ್ಕೆ ಆ ಗೊಬ್ಬರ ಬೆರೆಸಿ, ಮೂರಕ್ಕೆ ಬೆರೆಸದೆ, ಹುರುಳಿಕಾಯಿ ಬೀಜ ಹಾಕಿ ಮೂರು ವಾರ ನೋಡಬೇಕು. ಈ ಮೂರು ವಾರದ ತಾಳ್ಮೆ ಒಂದು ವರ್ಷದ ಕೈತೋಟವನ್ನು ಉಳಿಸುತ್ತದೆ.

ಅಮ್ಮ ಹೊರಡುವಾಗ ಕೊನೆಯದಾಗಿ ಕೇಳಿದ್ದು, ಮಳೆ ಹಿಡಿದಾಗ ಒಣ ಎಲೆ ಎಲ್ಲಿಂದ ತರುವುದು ಅಂತ. ಎಲೆ ಉದುರುವ ಕಾಲದಲ್ಲೇ ಚೀಲಗಳಲ್ಲಿ ತುಂಬಿ ಒಣ ಜಾಗದಲ್ಲಿಡಬೇಕು. ಕಾಲಲ್ಲಿ ತುಳಿದು ಪುಡಿ ಮಾಡಿದರೆ ನಾಲ್ಕು ಚೀಲದ್ದು ಒಂದು ಚೀಲಕ್ಕೆ ಇಳಿಯುತ್ತದೆ. ಅದೂ ಮುಗಿದರೆ ಮಿರುಗು ಲೇಪವಿಲ್ಲದ ರಟ್ಟಿನ ಪೆಟ್ಟಿಗೆ, ಅಂಟುಪಟ್ಟಿ ಕಿತ್ತು. ಹರಿಯಲು ಕೈಯಲ್ಲಿ ಶಕ್ತಿ ಸಾಲದು ಅಂದರು. ನೀರಲ್ಲಿ ಹತ್ತು ನಿಮಿಷ ನೆನೆಸಿದರೆ ಸುಲಭವಾಗಿ ಹರಿಯುತ್ತದೆ ಎಂದಿದ್ದಾಯಿತು, ಅವರು ತಲೆಯಾಡಿಸಿ ಬಕೆಟ್ಟು ಎತ್ತಿಕೊಂಡು ಹೋದರು. ಹರಿದ ಮೇಲೆ ಅದನ್ನು ಒಣಗಿಸಿಯೇ ಹಾಕಬೇಕು, ಒದ್ದೆ ರಟ್ಟು ಹಾಕಿದರೆ ಮತ್ತೆ ಅದೇ ನೀರು ಒಳಗೆ. ಆ ಮಾತು ಚೀಟಿಯಲ್ಲಿ ಬರೆದಿತ್ತೇ? ಬಾಯಲ್ಲಾದರೂ ಹೇಳಿದ್ದೆವೇ?