ಹತ್ತು ರೊಟ್ಟಿಯ ಲೆಕ್ಕ

22 ಜನವರಿ 2025, ಬುಧವಾರ
ವಿಜಯಪುರ

ಸಂಕ್ರಾಂತಿ, ಸಿದ್ಧೇಶ್ವರ ಜಾತ್ರೆ ಎಲ್ಲ ಮುಗಿದು ಈ ವಾರ ನನ್ನ ಡಿಸರ್ಟೇಶನ್‌ನ (ಕೋರ್ಸಿನ ಪ್ರಬಂಧದ) ಸರ್ವೆ ಮತ್ತೆ ಶುರುವಾಗಿದೆ. ಮನೆಮನೆಗೆ ಹೋಗಿ ಯಾರು ಏನು ಉಣ್ಣುತ್ತಾರೆ ಅಂತ ಬರೆದುಕೊಳ್ಳುವ ಕೆಲಸ. ಹಬ್ಬದ ದಿನಗಳಲ್ಲಿ ಊಟದ ಲೆಕ್ಕ ಕೇಳುವ ಹಾಗಿಲ್ಲ. ಭೋಗಿಯ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಬರೆದುಕೊಂಡರೆ ಅದು ಆ ಮನೆಯ ದಿನದ ಊಟ ಆಗುವುದಿಲ್ಲ. ಜೊತೆಗೆ ಓದುವ ಭಾರತಿಯ ಡಿಸರ್ಟೇಶನ್ ಆಗಲೇ ಅರ್ಧ ಆಗಿದೆ. ನನ್ನದು ಇನ್ನೂ ಹನ್ನೊಂದು ಮನೆ ಬಾಕಿ. ಇರಲಿ.

ನಿನ್ನೆ ತೊರವಿ ಕಡೆಯ ಕಸ್ತೂರಕ್ಕನ ಮನೆಗೆ ಹೋಗಿದ್ದು ತೂಕಕ್ಕೆ. ಫಾರ್ಮಿನಲ್ಲಿ 'ಒಂದು ರೊಟ್ಟಿ' ಅಂತ ಬರೆದರೆ ಸಾಲದು. ಒಂದೊಂದು ಮನೆಯ ರೊಟ್ಟಿ ಒಂದೊಂದು ದಪ್ಪ. ಅದಕ್ಕೇ ಮುಂಜಾನೆ ಎಂಟಕ್ಕೇ ಹೋಗಿ, ಅಕ್ಕ ಒಲೆ ಮುಂದೆ ಕೂರುವ ಮೊದಲು ಜೋಳದ ಹಿಟ್ಟು ತೂಗಿದೆ. 800 ಗ್ರಾಂ. ಹತ್ತು ರೊಟ್ಟಿ ಆದವು. ಒಂದಕ್ಕೆ 80 ಗ್ರಾಂ ಅಂತ ಖುಷಿಯಿಂದ ಬರೆದುಕೊಂಡೆ. ಆಮೇಲೆ ಅಕ್ಕ ಬಿಡಲಿಲ್ಲ. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಮೇಲೆ ಒಂದಿಷ್ಟು ಎಣ್ಣೆ. ಹಾಸ್ಟೆಲ್‌ನಲ್ಲಿ ಇಂಥ ರೊಟ್ಟಿ ಎಲ್ಲಿ ಸಿಗುತ್ತದೆ? ಇಬ್ಬರೂ ಕೂತು ಉಂಡೆವು.

ಇವತ್ತು ಹೋಗಿದ್ದು ರಿಕಾಲ್‌ಗೆ. ಹಿಂದಿನ 24 ಗಂಟೆಯಲ್ಲಿ ಏನೇನು ತಿಂದರು ಅಂತ ಒಂದೊಂದೇ ನೆನಪು ಮಾಡಿಸಬೇಕು. ಮುಂಜಾನೆ ಒಂದು ರೊಟ್ಟಿ, ಹಿಂಡಿ. ರಾತ್ರಿ ಅನ್ನ, ಬ್ಯಾಳಿ ಸಾರು. ನಡುವೆ ಮಧ್ಯಾಹ್ನದ್ದು ಬಿಟ್ಟುಹೋಗಿತ್ತು. ಮರೆತಿರಬೇಕು ಅಂದುಕೊಂಡು ಕೇಳಿದೆ.

"ಮಧ್ಯಾಹ್ನ ಹೊಲದಾಗ ಏನ ಉಂಡ್ರಿ ಅಕ್ಕಾ?"

"ಚಾ ಕುಡದ್ವಿ."

"ಬುತ್ತಿ?"

"ನಿನ್ನಿ ಒಯ್ದಿದ್ದಿಲ್ಲ."

"ಯಾಕ್ರಿ?"

ಅಕ್ಕ ನಕ್ಕರು. "ನೀ ಬಂದಿದ್ದೆಲ್ಲ ತಂಗಿ."

ಅಷ್ಟೇ. ಮುನಿಸಿಲ್ಲ, ಬೇಸರ ಇಲ್ಲ. ಕೇಳಿದ್ದಕ್ಕೆ ಖರೇ ಹೇಳಿದರು. ಎಷ್ಟೋ ಮನೆಗಳಲ್ಲಿ ನಮ್ಮ ಮುಂದೆ ಒಂದು ಪಲ್ಯ ಜಾಸ್ತಿ ಸೇರಿಸಿ ಹೇಳುತ್ತಾರೆ. ಇವರು ಹಾಗೆ ಮಾಡಲಿಲ್ಲ. ನನ್ನ ಪೆನ್ನು ನಿಂತುಬಿಟ್ಟಿತು.

ಗಂಡನಿಗೆ ನಾಲ್ಕು, ಅತ್ತೆಗೆ ಎರಡು, ಮಗನಿಗೆ ಎರಡು, ಅಕ್ಕನಿಗೆ ಎರಡು. ಹತ್ತು. ಹಿಟ್ಟನ್ನು ತೂಗಿದವಳು ನಾನೇ, ರೊಟ್ಟಿ ಎಣಿಸಿದವಳೂ ನಾನೇ. ಆ ಹತ್ತರಲ್ಲಿ ನನ್ನದು ಅಂತ ಒಂದೂ ಇರಲಿಲ್ಲ. ನನಗೆ ಹೊಳೆಯಲೇ ಇಲ್ಲ.

ರೂಮಿಗೆ ಬಂದು ಎನ್‌ಐಎನ್‌ನ (ರಾಷ್ಟ್ರೀಯ ಪೋಷಣಾ ಸಂಸ್ಥೆಯ) 2017ರ ಆಹಾರ ಕೋಷ್ಟಕ ತೆಗೆದೆ. 100 ಗ್ರಾಂ ಜೋಳದಲ್ಲಿ ಕಬ್ಬಿಣಾಂಶ 3.95 ಮಿಲಿಗ್ರಾಂ. ಅಂದರೆ ನಾನು ತಿಂದ ರೊಟ್ಟಿಯಲ್ಲಿ 3 ಮಿಲಿಗ್ರಾಂ ದಾಟುತ್ತದೆ. ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದೆ. ಅಕ್ಕನ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 9.4 ಇದೆ. 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಜೋಳದಲ್ಲಿ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಇದೆ, ಆ 3 ಮಿಲಿಗ್ರಾಂನಲ್ಲೂ ಮೈಗೆ ಹತ್ತುವುದು ಸ್ವಲ್ಪವೇ ಅಂತ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಹಸಿದ ಹೊಟ್ಟೆಯಲ್ಲಿ ಸಂಜೆತನಕ ಕಡ್ಲಿ ಕಿತ್ತಿದ್ದಾರೆ. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ, ಒಂದು ತಾಸು ಬಿಟ್ಟು ಕುಡೀರಿ ಅಂತ ಸರ್ವೆ ಮುಗಿದ ಮೇಲೆ ಎಲ್ಲರಿಗೂ ಹೇಳಬೇಕು ಅಂತ ಇಟ್ಟುಕೊಂಡಿದ್ದೆ. ನಿನ್ನೆ ಅಕ್ಕನಿಗೆ ಊಟವೇ ಚಹಾ ಆಗಿತ್ತು.

ಗೈಡ್ ಮೇಡಂಗೆ ಫೋನ್ ಮಾಡಿದೆ. ದಿನಾ ಎರಡು ತಿನ್ನುತ್ತಾರೆ, ಎರಡು ಅಂತ ಬರೆಯಲಾ ಅಂತ ಕೇಳಿದೆ. "ಬ್ಯಾಡ. ಏನು ತಿಂದಾರೋ ಅದನ್ನಷ್ಟೇ ಬರಿ. ಕಾರಣ ಷರಾದಾಗ ಹಾಕು" ಅಂದರು. ಸ್ವಲ್ಪ ಸುಮ್ಮನಿದ್ದು, "ಅಲ್ಲಿ ಊಟ ಮಾಡಬಾರ್ದಿತ್ತು ನೀನು" ಅಂದರು. ಗೊತ್ತು ಮೇಡಂ. ಆದರೆ ತಟ್ಟೆ ಮುಂದೆ ಇಟ್ಟಾಗ ಒಲ್ಲೆ ಅನ್ನುವುದನ್ನು ಯಾವ ಸೆಮಿಸ್ಟರ್‌ನಲ್ಲೂ ಕಲಿತಿಲ್ಲ. ನಮ್ಮ ಊರಲ್ಲಿ ಹಾಗೆ ಅಂದರೆ ಮನೆಯವರು ಎಷ್ಟು ನೊಂದುಕೊಳ್ಳುತ್ತಾರೆ ಅಂತಲೂ ಗೊತ್ತು.

ಷರಾ ಕಾಲಂನಲ್ಲಿ 'ಮನೆಗೆ ಬಂದವರಿದ್ದರು' ಅಂತ ಬರೆದೆ. ಹೊಡೆದುಹಾಕಿದೆ. 'ಸರ್ವೆಗೆ ಹೋದ ನಾನು ಒಂದು ರೊಟ್ಟಿ ಉಂಡಿದ್ದೇನೆ' ಅಂತ ಬರೆದೆ. ಹಾಗೇ ಇರಲಿ.

ಅವ್ವ ಫೋನ್ ಮಾಡಿದ್ದಳು, ಊಟ ಆತೇನ ಅಂತ. ಆಯ್ತು ಅಂದೆ. ಇನ್ನೂ ಆಗಿಲ್ಲ.

ಮುಂದಿನ ರಿಕಾಲ್ ಸೋಮವಾರ. ಮುಂಜಾನೆ ಹೋದರೆ ರೊಟ್ಟಿ ಬಡಿಯುವ ಹೊತ್ತು, ಮತ್ತೆ ತಟ್ಟೆ ಇಡುತ್ತಾರೆ. ಮಧ್ಯಾಹ್ನ ಹೋದರೆ ಹೊಲದಲ್ಲಿರುತ್ತಾರೆ. ಹೊಲಕ್ಕೇ ಹೋಗಲಾ? ಅಲ್ಲಿ ಬುತ್ತಿ ಬಿಚ್ಚಿ ಕೂತಿದ್ದರೆ, ಬಾ ತಂಗಿ ಅಂತ ಕರೆದೇ ಕರೆಯುತ್ತಾರೆ. ರಾತ್ರಿ ಹೋಗೋಣ ಅಂದರೆ ಏಳರ ಮೇಲೆ ವಾಪಸ್ ಬರಲು ಬಸ್ಸು ಇಲ್ಲ.