ಚಕ್ರ ಬಿಚ್ಚಿದ ಮಾತ್ರಕ್ಕೆ ಮನೆ ಆಗಲ್ಲ

ಟೆಕ್ಸಸ್‌ನಲ್ಲಿ ಆಸ್ಟಿನ್‌ನಿಂದ ಪೂರ್ವಕ್ಕೆ ಮುಕ್ಕಾಲು ಗಂಟೆ ಡ್ರೈವ್ ಮಾಡಿದ್ರೆ ನಮ್ಮ ಜಾಗ ಸಿಗತ್ತೆ, ಎರಡೂವರೆ ಎಕರೆ, ಅದರಲ್ಲೊಂದು ಡಬಲ್ ವೈಡ್. ಅಂದ್ರೆ ಫ್ಯಾಕ್ಟರಿಯಲ್ಲಿ ಎರಡು ಅರ್ಧವಾಗಿ ಕಟ್ಟಿ, ಎರಡು ಟ್ರಕ್ ಹಿಂದೆ ಎಳ್ಕೊಂಡು ಬಂದು, ಇಲ್ಲಿ ತಂದು ಜೋಡಿಸಿದ ಮನೆ. ಆಸ್ಟಿನ್ ಒಳಗಡೆ ಮನೆ ತಗೊಳ್ಳೋ ತಾಕತ್ತು ನಮಗಿರ್ಲಿಲ್ಲ, ಇದು ಸಿಕ್ತು, ತಗೊಂಡ್ವಿ. ಮೂರು ಬೆಡ್‌ರೂಮು, ದೊಡ್ಡ ಅಡುಗೆಮನೆ, ಒಳಗೆ ನಿಂತವರಿಗೆ ಇದು ಒಂದು ಕಾಲದಲ್ಲಿ ಹೈವೇ ಮೇಲೆ ಓಡಿ ಬಂದ ವಸ್ತು ಅಂತ ಅನ್ನಿಸೋದೇ ಇಲ್ಲ. ಹಿಂದಿನ ಓನರ್ ಗಂಡ ಹೆಂಡತಿ ಇಲ್ಲೇ ಮಕ್ಕಳನ್ನ ಬೆಳೆಸಿದ್ರು, ಮನೆ ಒಂದಿಂಚೂ ಕದಲಿಲ್ಲ.

ಆದ್ರೆ ರೆಕಾರ್ಡಲ್ಲಿ ನೆಲ ಸ್ಥಿರಾಸ್ತಿ, ಅದರ ಮೇಲಿರೋ ಮನೆ ಚರಾಸ್ತಿ. ಟ್ರ್ಯಾಕ್ಟರ್, ಸೋಫಾ ಸೆಟ್ಟು ಯಾವ ಲಿಸ್ಟಲ್ಲಿ ಬರತ್ತೋ ಅದೇ ಲಿಸ್ಟು. ಬೇರೆ ಕೆಲವು ರಾಜ್ಯಗಳಲ್ಲಿ ಇದು ಇನ್ನೂ ತಮಾಷೆ, ಫ್ಲೋರಿಡಾದಲ್ಲಿ ಇಂಥ ಮನೆಗೆ ಕಾರಿಗೆ ಕೊಡೋ ಇಲಾಖೆಯವರೇ ಟೈಟಲ್, ಅಂದ್ರೆ ಒಡೆತನದ ಪತ್ರ, ಕೊಟ್ಟು ವರ್ಷ ವರ್ಷ ಸ್ಟಿಕ್ಕರ್ ಅಂಟಿಸ್ತಾರೆ. ನಮಗೆ ಇದು ತಟ್ಟಿದ್ದು ಬಡ್ಡಿ ಕಟ್ಟುವಾಗ. ಚರಾಸ್ತಿ ಮೇಲಿನ ಸಾಲಕ್ಕೆ ಇಲ್ಲಿ ಚಾಟೆಲ್ ಲೋನ್ ಅಂತಾರೆ, ಮಾಮೂಲಿ ಹೋಮ್ ಲೋನಿಗಿಂತ ಬಡ್ಡಿ ಜಾಸ್ತಿ, ಅವಧಿ ಕಮ್ಮಿ. ಕಂತು ಕಟ್ಟಿ ಕಟ್ಟಿ ಸುಸ್ತಾಗಿ ರಿಫೈನಾನ್ಸ್‌ಗೆ ಕೇಳಿದಾಗ ಲೋನ್ ಆಫೀಸರ್ ಹೇಳಿದ್ದು ಇಷ್ಟೇ, ಮನೆನ ರಿಯಲ್ ಪ್ರಾಪರ್ಟಿ, ಅಂದ್ರೆ ಸ್ಥಿರಾಸ್ತಿ, ಮಾಡ್ಕೊಂಡು ಬನ್ನಿ, ಎಫ್‌ಎಚ್‌ಎ ಲೋನ್, ಅಂದ್ರೆ ಕೇಂದ್ರ ಸರ್ಕಾರದ ವಿಮೆ ಇರೋ ಹೋಮ್ ಲೋನ್, ಕೊಡೋಣ.

ಮಾವನವ್ರು ತಿಪಟೂರಲ್ಲಿದ್ದಾರೆ, ಕಂದಾಯ ಇಲಾಖೆಯಲ್ಲಿ ಸರ್ವಿಸ್ ಮುಗಿಸಿದವರು. ವಾಟ್ಸಾಪಲ್ಲಿ ಹೇಳಿದಾಗ ಮೊದಲು ನಗಾಡಿದ್ರು, ಆಮೇಲೆ ಕನ್ನಡಕ ಹಾಕ್ಕೊಂಡು ಕೂತ್ರು. "ಅಲ್ಲಮ್ಮಾ, ನಮ್ಮಲ್ಲಿ ಕಲಂ 95ರಲ್ಲಿ ಕನ್ವರ್ಷನ್ ಆಗೋದು ಜಮೀನು, ನಿಮ್ಮಲ್ಲಿ ಮನೇನೇ ಕನ್ವರ್ಷನ್ ಮಾಡಿಸ್ಬೇಕಾ? ಹಂಗಾದ್ರೆ ಚಕ್ರ ಬಿಚ್ಚಿದ್ಮೇಲೆ ಆರ್‌ಸಿ ಸರೆಂಡರ್ ಮಾಡೋ ಥರ ಏನೋ ಇರ್ಬೇಕಲ್ಲ." ನಿಜ ಹೇಳ್ಬೇಕು ಅಂದ್ರೆ ಇಲ್ಲಿಯ ಯಾರಿಗಿಂತಲೂ ಬೇಗ ಅರ್ಥ ಮಾಡ್ಕೊಂಡವರು ಅವರೇ, ಎಷ್ಟೋ ರಾಜ್ಯಗಳಲ್ಲಿ ಮಾಡೋದು ಥೇಟ್ ಅದನ್ನೇ.

ಮೊದಲ ಕೆಲಸ ಕೆಂಪು ತಗಡು ಹುಡುಕೋದು. 1976ರ ಜೂನ್ 15ರಿಂದ ಈಚೆಗೆ ಫ್ಯಾಕ್ಟರಿಯಲ್ಲಿ ಕಟ್ಟಿದ ಇಂಥ ಪ್ರತಿ ಮನೆಗೂ ಕೇಂದ್ರ ಸರ್ಕಾರದ ವಸತಿ ಇಲಾಖೆ, ಅಂದ್ರೆ ಹಡ್‌ನ ರೂಲ್ಸ್ ಅನ್ವಯ, ಅದರ ಗುರುತಿಗೆ ಹೊರಗೋಡೆ ಮೇಲೆ ಎರಡಿಂಚು ನಾಲ್ಕಿಂಚಿನ ಒಂದು ಲೋಹದ ಪ್ಲೇಟು ಇರತ್ತೆ, ಡಬಲ್ ವೈಡ್ ಆದ್ರೆ ಅರ್ಧಕ್ಕೊಂದರಂತೆ ಎರಡು. ಅದಕ್ಕಿಂತ ಹಳೇ ಮನೆ ಆಗಿದ್ರೆ ಎಫ್‌ಎಚ್‌ಎ ಕಥೆ ಅಲ್ಲಿಗೇ ಮುಗೀತಿತ್ತು. ಪ್ಲೇಟ್ ಹೊಡೆಯೋದು ಟ್ರಕ್ಕಿಗೆ ಕಟ್ಟೋ ಕಡೆ ಅಲ್ಲ, ಟೈಲ್ ಲೈಟ್ ಬರೋ ಕಡೆ. ಈಗ ನಿಂತಿರೋ ಮನೆಗೆ ಹಿಂದೆ ಯಾವುದು ಮುಂದೆ ಯಾವುದು? ನಮ್ಮನೆಯವ್ರು ಕಾರ್ ಕೀ ಹಿಡ್ಕೊಂಡು ಬಿಸಿಲಲ್ಲಿ ಮನೆ ಸುತ್ತ ಗೋಡೆ ತಡವ್ತಾ ಹೋದ್ರು, ಹಿತ್ತಲ ಮೂಲೆಯಲ್ಲಿ ಮೊಣಕಾಲೆತ್ತರಕ್ಕೆ ಬಣ್ಣದ ಕೆಳಗೆ ಏನೋ ಉಬ್ಬು ಸಿಕ್ತು, ಕೆರೆದ್ರೆ ಮೊದಲು ಬೀಜ್ ಬಣ್ಣ, ಅದರ ಕೆಳಗೆ ಬಿಳಿ, ಅದರ ಕೆಳಗೆ ಕೆಂಪು, ಆಮೇಲೆ ಒಂದೊಂದೇ ಅಂಕಿ. ಎರಡನೇದು ಸಿಗ್ಲೇ ಇಲ್ಲ. ಆ ಕಡೆ ಗೋಡೆಗೆ ಹಿಂದಿನವರು ಹೊಸ ಸೈಡಿಂಗ್ ಹೊದಿಕೆ ಹಾಕಿಸಿದ್ರು, ಹಾಕಿದವನು ಯಾವನೋ ಪ್ಲೇಟ್ ಕಿತ್ತು ಎಸೆದಿದ್ದಾನೆ.

ಕಳೆದ ಪ್ಲೇಟನ್ನ ಹಡ್‌ನವರು ಮತ್ತೆ ಕೊಡಲ್ಲ. ಬದಲಿಗೆ ಐಬಿಟಿಎಸ್ ಅನ್ನೋ ಸಂಸ್ಥೆಯಿಂದ, ಇಂಥ ಸೀರಿಯಲ್ ನಂಬರಿನ ಮನೆಗೆ ಇಂಥ ನಂಬರಿನ ಪ್ಲೇಟ್ ಕೊಟ್ಟಿತ್ತು ಅಂತ ಒಂದು ಲೆಟರ್ ತರಿಸ್ಕೋಬೇಕು. ಸೀರಿಯಲ್ ನಂಬರ್ ಎಲ್ಲಿ? ಅದಕ್ಕೆ ಡೇಟಾ ಪ್ಲೇಟ್ ಅಂತ ಒಂದು ಕಾಗದ, ಅಡುಗೆಮನೆ ಕಬೋರ್ಡಲ್ಲೋ ಬೆಡ್‌ರೂಮ್ ವಾರ್ಡ್‌ರೋಬಲ್ಲೋ ಅಂಟಿಸಿರ್ತಾರೆ. ನಮ್ಮದು ಸಿಕ್ಕಿದ್ದು ಸೀರೆ ಬಾಕ್ಸುಗಳನ್ನೆಲ್ಲ ಹೊರಗೆ ಹಾಕಿದ ಮೇಲೆ, ವಾರ್ಡ್‌ರೋಬಿನ ಒಳಗೋಡೆಯಲ್ಲಿ. ಹಳದಿ ತಿರುಗಿದ ಕಾಗದ, ಗಾಳಿಗೆ ಯಾವ ವಲಯ, ಚಾವಣಿ ಭಾರಕ್ಕೆ ಯಾವ ವಲಯ ಅಂತ ಅಮೆರಿಕದ ಪುಟಾಣಿ ನಕ್ಷೆಗಳು, ಸೀರಿಯಲ್ ನಂಬರಿನ ಕೊನೆಗೆ ಒಂದು ಅರ್ಧಕ್ಕೆ ಎ, ಇನ್ನೊಂದಕ್ಕೆ ಬಿ. ಇಷ್ಟು ದಿನ ನನ್ನ ರೇಷ್ಮೆ ಸೀರೆ ಹಿಂದೆ ಮನೆಯ ಜಾತಕ ಕೂತಿತ್ತು.

ಆಮೇಲೆ, ಫೌಂಡೇಶನ್ ಪರ್ಮನೆಂಟ್ ಅಂತ ಎಫ್‌ಎಚ್‌ಎ ಲೋನಿಗೆ ಸರ್ಟಿಫಿಕೇಟ್ ಕೊಡೋಕೆ ಇಂಜಿನಿಯರ್ ಬಂದ್ರು. ಬಿಳಿ ಗಡ್ಡ, ಮಂಡಿಗೆ ಪ್ಯಾಡು, ಮೈತುಂಬ ಕವರಾಲ್. ಬಂದವರೇ ಕೇಳಿದ್ದು ಕೆಳಗೆ ಹಾವು ಗೀವು ನೋಡಿದ್ದೀರಾ ಅಂತ. ಮನೆ ಬುಡದ ಸುತ್ತ ಮುಚ್ಚಿರೋ ಸ್ಕರ್ಟಿಂಗಿನ ಒಂದು ಪ್ಯಾನಲ್ ತೆಗೆದು ಟಾರ್ಚ್ ಹಿಡ್ಕೊಂಡು ಹೊಟ್ಟೆ ಮೇಲೆ ತೆವಳಿ ಒಳಗೆ ಹೋದ್ರು, ನಾನು ಹಾಲಲ್ಲಿ ನಿಂತಿದ್ರೆ ಕಾಲಡಿಯಿಂದ ಅವರು ಕೆಮ್ಮೋದು, ಟೇಪು ಎಳೆಯೋದು ಕೇಳಿಸ್ತಿತ್ತು. ಹೊರಗೆ ಬಂದು ಫೋನಲ್ಲಿ ಫೋಟೋ ತೋರಿಸಿದ್ರು. ಕಾಂಕ್ರೀಟ್ ಬ್ಲಾಕಿನ ಕಂಬಗಳು ಪರವಾಗಿಲ್ಲ. ಚಕ್ರ, ಆಕ್ಸಲ್ ಯಾವತ್ತೋ ತೆಗೆದಾಗಿದೆ. ಆದ್ರೆ ಟ್ರಕ್ಕಿಗೆ ಕಟ್ಟೋ ಕಬ್ಬಿಣದ ಮೂತಿ ಸ್ಕರ್ಟಿಂಗ್ ಹಿಂದೆ ಹಾಗೇ ಇದೆ, ಅದು ಹೋಗ್ಬೇಕು. ಇನ್ನು ಮನೆ ಬಿಗಿದಿರೋ ಪಟ್ಟಿಗಳು ಮಣ್ಣಿಗೆ ತಿರುಪಿ ಇಳಿಸಿದ ಆಂಕರುಗಳಿಗೆ ಕಟ್ಟಿವೆ, ಹಡ್‌ನ 1996ರ ಫೌಂಡೇಶನ್ ಗೈಡ್ ಪ್ರಕಾರ ಅಂಥ ಆಂಕರ್ ಪರ್ಮನೆಂಟ್ ಲೆಕ್ಕಕ್ಕೆ ಬರಲ್ಲ, ಕಾಂಕ್ರೀಟಲ್ಲಿ ಹೂತು ಸ್ಟೀಲ್ ಬ್ರೇಸಿಂಗ್ ಕೊಡ್ಬೇಕು. ಹಾಗಾದ್ರೆ ಕೆಳಗಿನ ಆ ಉದ್ದುದ್ದ ಸ್ಟೀಲ್ ಫ್ರೇಮು, ಚಾಸಿ, ಅದನ್ನೇನು ಮಾಡೋದು ಅಂದೆ. ಅದನ್ನ ಮುಟ್ಟೋ ಹಾಗಿಲ್ಲವಂತೆ, ಚಾಸಿ ಮೇಲೆ ಕಟ್ಟಿರೋದ್ರಿಂದಲೇ ಇದು ಹಡ್‌ನ ಮನೆ. ಅಂದ್ರೆ ಎಳೆಯೋ ಮೂತಿ ಇರಬಾರದು, ಎಳೆಯೋಕೆ ಅಂತ ಮಾಡಿದ ಫ್ರೇಮ್ ಮಾತ್ರ ಇರ್ಲೇಬೇಕು!

ವೆಲ್ಡರ್ ಒಬ್ಬ ಬಂದು ಮೂತಿ ಕತ್ತರಿಸಿ ತಗೊಂಡು ಹೋದ, ಕಾಂಕ್ರೀಟ್ ಕೆಲಸದವರು ಕೆಳಗೆ ಗುಂಡಿ ತೋಡಿದ್ರು, ದುಡ್ಡು ನೀರಿನ ಥರ ಹೋಯ್ತು, ಅದರ ವಿಷಯ ಬೇಡ. ಇಂಜಿನಿಯರ್ ಇನ್ನೊಂದ್ಸಲ ಬಂದು ನೋಡಿ ಸೀಲ್ ಹಾಕಿ ಸರ್ಟಿಫಿಕೇಟ್ ಕೊಟ್ರು.

ಇಷ್ಟಾದ್ರೂ ಮನೆ ಚರಾಸ್ತಿನೇ. ಅದು ಬದಲಾಗೋದು ಕಾಗದದಲ್ಲಿ, ಕಾಂಕ್ರೀಟಲ್ಲಲ್ಲ. ಟೆಕ್ಸಸ್‌ನಲ್ಲಿ ರಾಜ್ಯದ ವಸತಿ ಇಲಾಖೆಯ ಮ್ಯಾನುಫ್ಯಾಕ್ಚರ್ಡ್ ಹೌಸಿಂಗ್ ಡಿವಿಷನ್ ಸ್ಟೇಟ್‌ಮೆಂಟ್ ಆಫ್ ಓನರ್‌ಶಿಪ್ ಅಂತ ಒಡೆತನದ ಪತ್ರ ಕೊಡತ್ತೆ. ಅರ್ಜಿಯಲ್ಲಿ ರಿಯಲ್ ಪ್ರಾಪರ್ಟಿ ಅನ್ನೋ ಚೌಕಕ್ಕೆ ಟಿಕ್ ಹಾಕಿ 55 ಡಾಲರ್ ಫೀ ಕಟ್ಟಬೇಕು, ಹೊಸ ಸ್ಟೇಟ್‌ಮೆಂಟಿನ ಸರ್ಟಿಫೈಡ್ ಕಾಪಿನ 60 ದಿನದೊಳಗೆ ಕೌಂಟಿ ಕ್ಲರ್ಕ್ ಹತ್ರ ಜಮೀನಿನ ದಾಖಲೆಗಳ ಜೊತೆ ರಿಜಿಸ್ಟರ್ ಮಾಡಿಸ್ಬೇಕು. ಹಳೇ ಸಾಲದ ಲೀನ್, ಅಂದ್ರೆ ಮನೆ ಮೇಲೆ ಸಾಲ ಕೊಟ್ಟವರಿಗಿದ್ದ ಹಕ್ಕು, ತೀರಿಸೋದು, ಫೈಲ್ ಮಾಡೋದು ಎಲ್ಲ ಕ್ಲೋಸಿಂಗ್, ಅಂದ್ರೆ ಹೊಸ ಸಾಲಕ್ಕೆ ಸಹಿ ಬೀಳೋ ಹೊತ್ತಲ್ಲಿ, ಆಸ್ತಿ ಕಾಗದಪತ್ರ ನೋಡ್ಕೊಳ್ಳೋ ಟೈಟಲ್ ಕಂಪನಿಯವರೇ ನೋಡ್ಕೊಂಡ್ರು. ಮಾವನವ್ರು ಮಾತ್ರ ಒಂದೇ ಪಟ್ಟು, "ಅವರು ಮಾಡ್ತೀವಿ ಅಂತಾರೆ ಕಣಮ್ಮ, ಸೀಲ್ ಬಿದ್ದ ಕಾಪಿ ಕೈಗೆ ಬರೋವರ್ಗೂ ನಂಬ್ಬೇಡ." ಬಂದ ಮೇಲೆ ಸ್ಕ್ಯಾನ್ ಮಾಡಿ ಕಳಿಸಿದೆ, ಪುಸ್ತಕ ನಂಬರ್, ಪುಟ ನಂಬರ್ ಸಮೇತ ಓದಿ ನೋಡಿ ಸರಿ ಇದೆ ಅಂದ್ರು.

ನನ್ನ ಜೊತೆ ಕೆಲಸ ಮಾಡೋ ಒಬ್ಬಾಕೆ ಇದೆಲ್ಲ ಕೇಳಿ ತಾನೂ ಮಾಡಿಸ್ತೀನಿ ಅಂತ ಹೊರಟಳು. ಅವಳದ್ದು ನಮಗಿಂತ ಹೊಸ ಮನೆ, ಸಾಲವೂ ತೀರಿದೆ. ಆದ್ರೆ ಇರೋದು ಮೊಬೈಲ್ ಹೋಮ್ ಪಾರ್ಕಲ್ಲಿ, ನೆಲ ಪಾರ್ಕಿನವರದ್ದು, ಅವಳು ಕಟ್ಟೋದು ತಿಂಗಳ ಬಾಡಿಗೆ. ನೆಲ ಸ್ವಂತದ್ದಾಗಿರ್ಬೇಕು, ಇಲ್ಲ ದೀರ್ಘಾವಧಿ ಲೀಸ್ ಇರ್ಬೇಕು, ಅವಳಿಗೆ ಎರಡೂ ಇಲ್ಲ. ನೆಲದ ಬಾಡಿಗೆ ಏರಿದ್ರೆ ಮನೆ ಎತ್ಕೊಂಡು ಹೋಗ್ಬಹುದಲ್ಲ ಅಂತ ಜನ ಸಲೀಸಾಗಿ ಅಂತಾರೆ, ಬಿಚ್ಚಿ ಸಾಗಿಸಿ ಮತ್ತೆ ನಿಲ್ಲಿಸೋ ಖರ್ಚು ಕೇಳಿದ್ರೆ ಯಾರೂ ಹಾಗನ್ನಲ್ಲ. ಈ ಕನ್ವರ್ಷನ್ನಿಂದ ಲಾಭ ಆಗೋದು ಆಗಲೇ ನೆಲ ಇದ್ದವರಿಗೆ. ಅವಳ ಎದುರು ನಮ್ಮ ಹೊಸ ಬಡ್ಡಿ ದರ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ.

ಟ್ಯಾಕ್ಸ್ ಡಬಲ್ ಆಗತ್ತೆ ನೋಡಿ ಅಂತ ಪಕ್ಕದವರು ಹೆದರಿಸಿದ್ರು. ಹಾಗೇನಿಲ್ಲ, ಚರಾಸ್ತಿ ಆಗಿದ್ದಾಗಲೂ ಮನೆಗೆ ಪ್ರಾಪರ್ಟಿ ಟ್ಯಾಕ್ಸ್ ಬರ್ತಾನೇ ಇತ್ತು, ಸ್ವಂತ ವಾಸದ ಮನೆಗೆ ಸಿಗೋ ಟ್ಯಾಕ್ಸ್ ರಿಯಾಯಿತಿ, ಹೋಮ್‌ಸ್ಟೆಡ್ ಎಕ್ಸೆಂಪ್ಷನ್ನೂ ಇತ್ತು. ನೆಲಕ್ಕೊಂದು ಮನೆಗೊಂದು ಅಂತ ಇದ್ದ ಎರಡು ಅಕೌಂಟ್ ಈಗ ಒಂದಾಗಿವೆ ಅಷ್ಟೇ. ಆದ್ರೆ ಈ ವರ್ಷದ ನೋಟಿಸಲ್ಲಿ ಮನೆ ಬೆಲೆನ ಯಾಕೋ ಏರಿಸಿದ್ದಾರೆ, ಮೇ 15ರೊಳಗೆ ಪ್ರೊಟೆಸ್ಟ್ ಹಾಕ್ಬೇಕು, ಹಾಕಿದ್ವಿ. ಹಿಯರಿಂಗ್ ಡೇಟ್ ಇನ್ನೂ ಬಂದಿಲ್ಲ, ಮಾವನವ್ರು ದಿನಾ ಕೇಳ್ತಿದ್ದಾರೆ.